ದುಡಿಯುವ ಮನಸ್ಸಿನ ಆರೈಕೆ

ವಾಣಿಜ್ಯಶಾಸ್ತ್ರವನ್ನು ಅಭ್ಯಾಸ ಮಾಡಿದವರಿಗೆ ಸವಕಳಿ ಎಂಬ ಶಬ್ದ ಚಿರಪರಿಚಿತ. ಕಾರ್ಖಾನೆಯ ಯಂತ್ರವು ದುಡಿದಂತೆಲ್ಲ ಸವೆಯುತ್ತದೆ. ಆದುದರಿಂದ ಆದಾಯ ತೆರಿಗೆಯ ನಿಯಮಗಳು ಸಾಮಾನ್ಯ ಯಂತ್ರೋಪಕರಣಗಳಿಗೆ ವರ್ಷಕ್ಕೆ ಶೇಕಡ 15ರಷ್ಟು ಸವಕಳಿಯನ್ನು ಒಪ್ಪಿಕೊಳ್ಳುತ್ತವೆ. ಆ ಯಂತ್ರದ ಮುಂದೆ ನಿಲ್ಲುವ ಮನುಷ್ಯನ ಸವಕಳಿಗೆ ಮಾತ್ರ ಯಾವ ಜಮಾಖರ್ಚಿನಲ್ಲಿಯೂ ಅಂಕಣವಿಲ್ಲ. ಅದನ್ನು ಅವನೇ ಬರೆದಿಡಬೇಕು, ಅವನೇ ದುರಸ್ತಿಗೆ ಹಣ ಹಾಗೂ ವೇಳೆಯನ್ನು ತೆಗೆದಿಡಬೇಕು. ಹಾಗೆ ತೆಗೆದಿಡುವುದನ್ನು ನಮ್ಮ ಮನೆಗಳಲ್ಲಿ ಸ್ವಾರ್ಥವೆಂದು ಎಣಿಸುವ ರೂಢಿಯುಂಟು. ಅದರಲ್ಲೂ ಗೃಹಿಣಿಯು ಮಧ್ಯಾಹ್ನ ಅರ್ಧ ಗಂಟೆ ಬಾಗಿಲು ಹಾಕಿಕೊಂಡು ಹಾಡಿಕೊಂಡರೆ ಸಾಕು, ‘ಇವಳಿಗೇನು ಕೆಲಸವಿಲ್ಲವೇ’ ಎಂಬ ಮಾತು ಬಂದೇ ಬರುತ್ತದೆ.

ಊರಿನಿಂದ ಸಾವಿರ ಕಿಲೋಮೀಟರಿಗೂ ಮಿಗಿಲಾದ ದೂರದಲ್ಲಿ, ನಾಗಪುರದಂಥ ನಗರದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಸವಕಳಿ ಸ್ವಲ್ಪ ಹೆಚ್ಚು. ಸೀತಾಬರ್ಡಿಯ ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಹಿಂದಿ, ಕಡತಗಳಲ್ಲಿ ಇಂಗ್ಲಿಷು. ಹೀಗೆ ಮೂರು ಭಾಷೆಗಳಲ್ಲಿ ವ್ಯವಹಾರವೇನೋ ಸಾಂಗವಾಗಿ ನಡೆಯುತ್ತದೆ. ಆದರೆ ಅಳುವುದಕ್ಕೂ, ಬೈಯುವುದಕ್ಕೂ, ಮಗುವನ್ನು ಮುದ್ದಿಸುವುದಕ್ಕೂ ಮನುಷ್ಯನಿಗೆ ಬೇಕಾದ ಭಾಷೆ ಒಂದೇ. ಮಗನೊಡನೆ ಇರಲೆಂದು ಊರಿನ ಮನೆಗೆ ಬೀಗ ಹಾಕಿ ಬಂದ ತಾಯಿಯೊಬ್ಬಳು ನಾಲ್ಕನೆಯ ಅಂತಸ್ತಿನ ಫ್ಲ್ಯಾಟಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಒಂದು ಮಾತನ್ನೂ ಆಡದೆ ಕಳೆಯುವುದುಂಟು. ಅವಳ ಮೊಣಕಾಲಿನ ನೋವಿಗೆ ಔಷಧವನ್ನು ತರುತ್ತೇವೆ; ಮೌನದ ನೋವು ನಮ್ಮ ಗಮನಕ್ಕೆ ಬರುವುದು ಬಹಳ ತಡವಾಗಿ.

ಇಂಥ ಪರಸ್ಥಳದ ಬದುಕಿನ ಮನೋವ್ಯಥೆಯನ್ನು ಕನ್ನಡದಲ್ಲಿ ತೀವ್ರವಾಗಿ ಚಿತ್ರಿಸಿದ ಕೃತಿ ಯಶವಂತ ಚಿತ್ತಾಲರ ‘ಶಿಕಾರಿ’. 1979ರಲ್ಲಿ ಪ್ರಕಟವಾದ ಈ ಕಾದಂಬರಿಯ ನಾಯಕ ನಾಗಪ್ಪ ಮುಂಬಯಿಯ ದೊಡ್ಡ ಕಂಪನಿಯೊಂದರ ಅಧಿಕಾರಿ. ಕೆಲಸದಿಂದ ಅಮಾನತುಗೊಂಡೊಡನೆ ಭಯ, ಸಂಶಯಗಳು ಅವನನ್ನು ಬೇಟೆಯಂತೆ ಅಟ್ಟತೊಡಗುತ್ತವೆ. ಕಚೇರಿಯ ರಾಜಕೀಯವನ್ನು ಕಂಡವರು ಆ ಪುಟಗಳನ್ನು ಓದಿ ನಿಶ್ಚಿಂತೆಯಿಂದ ನಿದ್ರಿಸಲಾರರು. ಗಮನಿಸಬೇಕಾದ ಸಂಗತಿಯೆಂದರೆ ಇದನ್ನು ಬರೆದವರೂ ನೌಕರಿಯಲ್ಲಿದ್ದವರೇ. ಚಿತ್ತಾಲರು ಪಾಲಿಮರ್ ತಂತ್ರಜ್ಞರಾಗಿ ಮುಂಬಯಿಯಲ್ಲಿ ದುಡಿಯುತ್ತಲೇ ಕತೆ, ಕಾದಂಬರಿಗಳನ್ನು ರಚಿಸಿದರು. ಉತ್ತರ ಕನ್ನಡದ ತಮ್ಮ ಹುಟ್ಟೂರು ಹನೇಹಳ್ಳಿಗೆ ಬರವಣಿಗೆಯಲ್ಲಿ ಮತ್ತೆ ಮತ್ತೆ ಮರಳಿದರು. ರಜೆ ಮಂಜೂರಾಗದಿದ್ದರೂ ಊರಿಗೆ ಹೋಗಿಬರುವ ಮಾರ್ಗ ಅದೊಂದೇ ಇರಬೇಕು.

ಮನಸ್ಸಿನ ಆರೋಗ್ಯದ ಪ್ರಸ್ತಾಪ ಬಂದಾಗ ಇನ್ನೊಬ್ಬರನ್ನು ನೆನೆಯದಿರುವುದು ಸಾಧ್ಯವಿಲ್ಲ. ‘ರಾಶಿ’ ಎಂಬ ಹೆಸರಿನಿಂದ ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರು ವೃತ್ತಿಯಿಂದ ವೈದ್ಯರು. ರೋಗಿಗಳ ನಡುವೆಯೇ ದಿನ ಕಳೆಯುವ ಈ ಮಹನೀಯರು 1942ರಲ್ಲಿ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿ 25 ವರ್ಷಗಳ ಕಾಲ ಕನ್ನಡಿಗರನ್ನು ನಗಿಸಿದರು. ಆರ್. ಕೆ. ಲಕ್ಷ್ಮಣರ ವ್ಯಂಗ್ಯಚಿತ್ರಗಳೂ ಅದರಲ್ಲಿ ಅಚ್ಚಾದವು. ಅದೇ ಲೇಖನಿಯಿಂದಲೇ ಮನಸ್ಸಿನ ಸ್ವರೂಪವನ್ನೂ ಅದರ ವಿಕಾರಗಳನ್ನೂ ವಿವರಿಸುವ ‘ಮನಮಂಥನ’ ಎಂಬ ಗ್ರಂಥ ಹೊರಬಂದು, 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನವನ್ನು ಪಡೆಯಿತು. ಮನೋರೋಗಶಾಸ್ತ್ರದ ಪುಸ್ತಕವೊಂದಕ್ಕೆ ಸಾಹಿತ್ಯದ ಬಹುಮಾನ ಬಂದುದು ಸಾಮಾನ್ಯ ವಿಷಯವಲ್ಲ. ಹಾಸ್ಯವು ಕೆಲಸವಿಲ್ಲದವರ ಕಾಲಕ್ಷೇಪವೆಂದು ಭಾವಿಸುವವರು ಈ ವೈದ್ಯರ ಜೀವನವನ್ನು ಒಮ್ಮೆ ಪರಿಶೀಲಿಸಬೇಕು.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸರ್ಕಾರದಲ್ಲಿ ಉನ್ನತ ಅಧಿಕಾರಿಗಳಾಗಿದ್ದವರು. ಅಂಥವರು ವೃದ್ಧಾಪ್ಯದಲ್ಲಿಯೂ ಬಸವನಗುಡಿಯ ಕ್ಲಬ್ಬಿಗೆ ಹೋಗಿ ಗೆಳೆಯರೊಡನೆ ಇಸ್ಪೀಟು ಆಡುತ್ತಿದ್ದರೆಂಬುದು ಅನೇಕರಿಗೆ ಗೊತ್ತು. ಜ್ಞಾನಪೀಠ ಪ್ರಶಸ್ತಿಗೆ ಅದರಿಂದೇನೂ ಅಡ್ಡಿಯಾಗಲಿಲ್ಲ.

ಇನ್ನು ನಡಿಗೆಯ ವಿಚಾರ. ನಡಿಗೆಯಿಂದ ಹೃದಯಕ್ಕೆ ಹಿತವೆಂಬುದನ್ನು ವೈದ್ಯರು ಹೇಳಿ ಹೇಳಿ ದಣಿದಿದ್ದಾರೆ; ಕಲ್ಪನಾಶಕ್ತಿಗೂ ಹಿತವೆಂಬುದನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2014ರಲ್ಲಿ ಪ್ರಕಟಿಸಿದರು. ಒಂದು ವಸ್ತುವಿಗೆ ಎಷ್ಟು ಹೊಸ ಉಪಯೋಗಗಳನ್ನು ಯೋಚಿಸಬಲ್ಲಿರಿ ಎಂಬಂಥ ಪರೀಕ್ಷೆಗಳಲ್ಲಿ, ಕುಳಿತವರಿಗಿಂತ ನಡೆಯುವವರಿಗೆ ಸರಾಸರಿ ಶೇಕಡ 60ರಷ್ಟು ಹೆಚ್ಚು ವಿಚಾರಗಳು ಹೊಳೆದವು. ಬರಿಯ ಗೋಡೆಗೆ ಮುಖ ಮಾಡಿ ನಡಿಗೆಯಂತ್ರದ ಮೇಲೆ ನಡೆದವರಿಗೂ ಲಾಭ ದೊರೆಯಿತೆಂಬುದು ಕುತೂಹಲದ ಸಂಗತಿ. ಅಂದಮೇಲೆ ಅಂಬಾಝರಿ ಕೆರೆಯ ದಂಡೆಯೋ ಸೆಮಿನರಿ ಹಿಲ್ಸಿನ ಮರಗಳ ನೆರಳೋ ದೊರೆತರೆ ಭಾಗ್ಯ. ದೊರೆಯದಿದ್ದರೂ ನೆಪ ಹೇಳುವಂತಿಲ್ಲ. ನಾಗಪುರದ ಮೇ ತಿಂಗಳಿನಲ್ಲಿ ಉಷ್ಣತೆ 45 ಡಿಗ್ರಿಯನ್ನು ಮುಟ್ಟುವಾಗ ಬೆಳಗಿನ ಆರು ಗಂಟೆಯೊಳಗೆ ನಡಿಗೆಯನ್ನು ಮುಗಿಸಬೇಕು. ಅದೂ ತಪ್ಪಿದರೆ ಮನೆಯ ಮೊಗಸಾಲೆಯಲ್ಲೇ ಶತಪಥ ಹಾಕಬಹುದು. ಆದರೆ ಒಂದೇ ಸರಿಯುತ್ತರವಿರುವ ಪ್ರಶ್ನೆಗಳಿಗೆ ನಡಿಗೆಯಿಂದ ಪ್ರಯೋಜನ ಕಾಣಲಿಲ್ಲವೆಂದೂ ಅದೇ ಸಂಶೋಧಕರು ಹೇಳಿದ್ದಾರೆ. ಲೆಕ್ಕ ತಾಳೆ ನೋಡುವವರು ಕುರ್ಚಿಯಲ್ಲಿಯೇ ಇರುವುದು ಕ್ಷೇಮ.

ಮನಸ್ಸಿನ ಭಾರವನ್ನು ಬರೆದು ಇಳಿಸಿಕೊಳ್ಳುವ ಕ್ರಮವೂ ಪರೀಕ್ಷೆಗೊಳಗಾಗಿದೆ. ಜೇಮ್ಸ್ ಪೆನ್ನೆಬೇಕರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1986ರಲ್ಲಿ ತಮ್ಮ ಸಹೋದ್ಯೋಗಿಯೊಡನೆ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷದಂತೆ, ತಮ್ಮನ್ನು ಗಾಢವಾಗಿ ನೋಯಿಸಿದ ಘಟನೆಯನ್ನು ಕುರಿತು ಬರೆಯಿಸಿದರು. ಬರೆದ ಆ ದಿನಗಳಲ್ಲಿ ಅವರ ಮನಸ್ಸು ಇನ್ನಷ್ಟು ಕದಡಿತು. ಆದರೆ ಘಟನೆಯ ಜೊತೆಗೆ ತಮ್ಮ ಭಾವನೆಗಳನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿಗೆ ಹೋದುದು ಇತರರಿಗಿಂತ ಕಡಿಮೆ. ಈ ಪ್ರಯೋಗಕ್ಕೆ ಬೇಕಾದುದು ಒಂದು ನೋಟುಪುಸ್ತಕ, ಒಂದು ಲೇಖನಿ, ಮತ್ತು ಯಾರೂ ಅದನ್ನು ತೆರೆದು ನೋಡುವುದಿಲ್ಲವೆಂಬ ಭರವಸೆ. ಕೊನೆಯದು ನಮ್ಮ ಮನೆಗಳಲ್ಲಿ ಸುಲಭವಲ್ಲ! ಬರೆದು ಹರಿದುಹಾಕಿದರೂ ತಪ್ಪಿಲ್ಲ. ಆದರೆ ಕನ್ನಡದಲ್ಲಿಯೇ ಬರೆಯಬೇಕೆಂದು ನನ್ನ ಸಲಹೆ. ಕಚೇರಿಯ ಇಂಗ್ಲಿಷಿನಲ್ಲಿ ದುಃಖವನ್ನು ಬರೆಯಹೊರಟರೆ ಅದು ಮೇಲಧಿಕಾರಿಗೆ ಬರೆದ ಅರ್ಜಿಯಂತಾಗುತ್ತದೆ.

ಇದೇ ಕಾರಣದಿಂದ ಸಂಘದ ನಾಟಕದ ತಾಲೀಮನ್ನೂ ಭಜನೆಯನ್ನೂ ಕೇವಲ ಮನರಂಜನೆಯೆಂದು ತಳ್ಳಿಹಾಕಬಾರದು. ಮೇಲೆ ಹೇಳಿದ ಆ ತಾಯಿಗೆ ವಾರಕ್ಕೊಮ್ಮೆ ನಾಲ್ಕು ಜನರೊಡನೆ ತನ್ನ ಮಾತಿನಲ್ಲಿ ಹರಟುವ ಅವಕಾಶ ಮಾತ್ರೆಗಿಂತ ಕಡಿಮೆಯದಲ್ಲ. ಅವರನ್ನು ಕರೆತರಲು ವಾಹನದ ಏರ್ಪಾಡು ಮಾಡುವುದು ಕಿರಿಯ ಸದಸ್ಯರಿಗೆ ಕಷ್ಟದ ಕೆಲಸವೇನಲ್ಲ.

ನಿದ್ರೆಯನ್ನು ಕುರಿತು ಒಂದೇ ಮಾತು. ಮಾರ್ಚ್ ಕೊನೆಯ ಲೆಕ್ಕಮುಕ್ತಾಯದ ದಿನಗಳಲ್ಲಿ ನಿದ್ರೆಗೆಟ್ಟು ದುಡಿಯುವುದು ಅನಿವಾರ್ಯವಿರಬಹುದು. ಉಳಿದ ಹನ್ನೊಂದು ತಿಂಗಳೂ ಮೊಬೈಲನ್ನು ಹಿಡಿದು ಮಧ್ಯರಾತ್ರಿಯವರೆಗೆ ಎಚ್ಚರವಾಗಿರುವುದು ಅನಿವಾರ್ಯವಲ್ಲ.

ಈ ಎಲ್ಲ ಉಪಾಯಗಳಿಗೂ ಒಂದು ಮಿತಿಯುಂಟು. ಎರಡು ವಾರಗಳಿಗೂ ಮೀರಿ ದಿನವೆಲ್ಲ ಬೇಸರ ಕವಿದಿದ್ದರೆ, ಊಟ ನಿದ್ರೆಗಳು ಕೆಟ್ಟರೆ, ಇಷ್ಟವಾದ ಹಾಡು, ಓದುಗಳೂ ರುಚಿಸದಿದ್ದರೆ ಅದು ಸೋಮಾರಿತನವಲ್ಲ, ಖಿನ್ನತೆಯಾಗಿರಬಹುದು, ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆಂಬ ಮಾತು ಯಾರ ಬಾಯಿಂದ ಬಂದರೂ ಆ ದಿನವೇ ಅವರನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ನಾಗಪುರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಭಾರತ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರಸಂಸ್ಥೆ, ಮತ್ತು ಅಲ್ಲಿ ಲಭ್ಯವಿರುವ ಭಾಷೆಗಳಲ್ಲಿ ಕನ್ನಡವೂ ಒಂದು.

ವೆಚ್ಚದ ಬಗೆಗೂ ಒಂದು ಸಂಗತಿ ತಿಳಿದಿರಲಿ. 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ವಿಮಾ ಸಂಸ್ಥೆಗಳು ಶರೀರದ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವೈದ್ಯಕೀಯ ವಿಮೆಯ ರಕ್ಷಣೆ ಕೊಡತಕ್ಕದ್ದು. ಆದರೂ ಅನೇಕ ಪಾಲಿಸಿಗಳು ಆಸ್ಪತ್ರೆಯಲ್ಲಿ ದಾಖಲಾದಾಗ ಮಾತ್ರ ಹಣ ಕೊಡುತ್ತವೆ, ವೈದ್ಯರ ಸಲಹೆಯ ಶುಲ್ಕವನ್ನು ಕೊಡುವುದಿಲ್ಲ. ಮುಂದಿನ ಕಂತನ್ನು ಕಟ್ಟುವ ಮೊದಲು ಪಾಲಿಸಿಯ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿ, ಸಂಶಯವಿದ್ದರೆ ಏಜೆಂಟರಿಂದ ಉತ್ತರವನ್ನು ಬರವಣಿಗೆಯಲ್ಲಿಯೇ ಪಡೆದುಕೊಳ್ಳಿರಿ.