ಪಟ್ಟಿ ಹಳತಾದರೆ?

ಮೊದಲು ನಮ್ಮದೇ ತಪ್ಪೊಂದನ್ನು ಹೇಳಿಬಿಡುತ್ತೇವೆ. ಕನ್ನಡ ತರಗತಿಯ ಮಕ್ಕಳ ವಿವರಗಳನ್ನು, ಅವರು ಸೇರಿದ ಕ್ರಮದಲ್ಲೇ, ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದೆವು. ಬೇಗ ಹುಡುಕಲೆಂದು ಬೇರೊಂದು ನೋಟ್‌ಬುಕ್ಕಿನಲ್ಲಿ ಅಕಾರಾದಿಯಾಗಿ ಹೆಸರು, ಅದರೆದುರು ಪುಟಸಂಖ್ಯೆ. ವರ್ಷದ ನಡುವೆ ರಿಜಿಸ್ಟರ್ ಹರಿದಿತೆಂದು ಹೊಸದಕ್ಕೆ ನಕಲು ಮಾಡಿದೆವು. ಪುಟಗಳು ಬದಲಾದವು, ನೋಟ್‌ಬುಕ್ ಹಾಗೆಯೇ ಉಳಿಯಿತು. ಒಂದು ದಿನ ಪುಟ್ಟ ಹುಡುಗನೊಬ್ಬನಿಗೆ ಜ್ವರ. ನೋಟ್‌ಬುಕ್ ತೋರಿಸಿದ 12ನೇ ಪುಟ ತೆರೆದು, ಅವಸರದಲ್ಲಿ "ನಿಮ್ಮ ಮಗನಿಗೆ ಜ್ವರ, ಬೇಗ ಬನ್ನಿ" ಎಂದು ಫೋನ್ ಮಾಡಿದೆವು. ಅಳುತ್ತಾ ಓಡಿ ಬಂದವರು ಬೇರೆ ಮಗುವಿನ ತಾಯಿ! ಆ ಮಗು ಅಂಗಳದಲ್ಲಿ ಆಡುತ್ತಿತ್ತು.

ಕಂಪ್ಯೂಟರಿನ ಡೇಟಾಬೇಸ್‌ನಲ್ಲಿ ಇಂಡೆಕ್ಸ್ ಎಂದರೆ ಆ ನೋಟ್‌ಬುಕ್ಕೇ. ಆದರೆ ಅದು ನಮ್ಮ ಹಾಗೆ ಮರೆಯುವುದಿಲ್ಲ. ದಾಖಲೆ ಬದಲಾಗುವ ಆ ಒಂದೇ ವ್ಯವಹಾರದಲ್ಲಿ ಇಂಡೆಕ್ಸೂ ಬದಲಾಗಬೇಕು. ನಡುವೆ ವಿದ್ಯುತ್ ಹೋದರೆ ಎರಡೂ ರದ್ದು.

ಹೊಸ ಹೆಸರು ಬಂದರೆ ಅದನ್ನು ಕೊನೆಯಲ್ಲಿ ಬರೆದರಾಗದು, ಸರಿಯಾದ ಸ್ಥಾನದಲ್ಲೇ ಸೇರಿಸಬೇಕು. ಆ ಪುಟ ತುಂಬಿದ್ದರೆ? ಪುಟವನ್ನು ಎರಡಾಗಿ ಒಡೆದು, ಸುಮಾರು ಅರ್ಧ ಹೆಸರುಗಳನ್ನು ಹೊಸ ಪುಟಕ್ಕೆ ಸಾಗಿಸಿ, ಮೇಲಿನ ಪುಟದಲ್ಲಿ ಆ ಸುದ್ದಿಯನ್ನು ಬರೆಯುತ್ತದೆ. ಹೀಗೆ ಎರಡರಲ್ಲೂ ಮುಂದೆ ಬರುವವರಿಗೆ ಜಾಗ ಉಳಿಯುತ್ತದೆ. ಬೇಯರ್ ಮತ್ತು ಮೆಕ್‌ಕ್ರೈಟ್ ಎಂಬಿಬ್ಬರು 1972ರಲ್ಲಿ ಪ್ರಕಟಿಸಿದ ಈ 'ಬಿ-ಟ್ರೀ' ಇಂದಿಗೂ ಬಳಕೆಯಲ್ಲಿದೆ. ಹೆಸರನ್ನೇ ತಿದ್ದಿದರೆ ಕೆಲಸ ಎರಡು: ಹಳೆಯ ಸ್ಥಾನದಿಂದ ತೆಗೆಯುವುದು, ಹೊಸ ಸ್ಥಾನದಲ್ಲಿ ಸೇರಿಸುವುದು. ಅಳಿಸಿದ ನಮೂದು ಕೂಡಲೇ ಮಾಯವಾಗಬೇಕೆಂದೂ ಇಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಅದನ್ನು ಬಿಟ್ಟಿದ್ದು ಆಮೇಲೆ ಗುಡಿಸುತ್ತದೆ, ನಮ್ಮ ಮನೆಗಳಲ್ಲಿ ರಾತ್ರಿಯ ಪಾತ್ರೆಗಳನ್ನು ಬೆಳಿಗ್ಗೆ ತೊಳೆಯುವಂತೆ! ಪಟ್ಟಿಗಳು ಹೆಚ್ಚಾದಷ್ಟೂ ಹುಡುಕುವುದು ಸುಲಭ, ಬರೆಯುವುದು ನಿಧಾನ.

ಭಾಷೆಯ ಶಿಕ್ಷಕರಾದ ನಮಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಇನ್ನೊಂದು ಸಂಗತಿ. ದಾಖಲೆ ಬದಲಾಗದೆಯೂ ಇಂಡೆಕ್ಸ್ ಕೆಡಬಹುದು! 2018ರಲ್ಲಿ ಲಿನಕ್ಸ್‌ನ ಒಂದು ಮೂಲ ತಂತ್ರಾಂಶದಲ್ಲಿ ಅಕ್ಷರಗಳ ಅನುಕ್ರಮದ ನಿಯಮಗಳು ಬದಲಾದವು. ಹಳೆಯ ಕ್ರಮದಲ್ಲಿ ಜೋಡಿಸಿದ್ದ ಇಂಡೆಕ್ಸ್‌ಗಳಲ್ಲಿ ಹೊಸ ಕ್ರಮದಿಂದ ಹುಡುಕಿದಾಗ, ಇದ್ದ ಹೆಸರೂ "ಇಲ್ಲ" ಎಂದಾಗುವ ಅಪಾಯ ಬಂತು. ಪರಿಹಾರ, ಇಂಡೆಕ್ಸನ್ನು ಮತ್ತೆ ಮೊದಲಿನಿಂದ ಕಟ್ಟುವುದು.

ಕನ್ನಡದಲ್ಲೂ ಇಂಥ ತೊಡಕುಂಟು. ನಮ್ಮ ವರ್ಣಮಾಲೆಯಲ್ಲಿ 'ಳ' ಕೊನೆಯ ಅಕ್ಷರ. ಯೂನಿಕೋಡ್ ಸಂಕೇತಗಳಲ್ಲಿ ಅದು 'ಲ' ಆದ ಕೂಡಲೇ, 'ವ'ಗಿಂತ ಮೊದಲು ಬರುತ್ತದೆ.

ಅಭ್ಯಾಸ: ಕಸ, ಕಳೆ, ಕಲೆ, ಕಹಿ, ಕವನ. ಇವನ್ನು ನಿಘಂಟಿನ ಕ್ರಮದಲ್ಲಿ ಒಮ್ಮೆ, ಯೂನಿಕೋಡ್ ಸಂಕೇತಗಳ ಕ್ರಮದಲ್ಲಿ ಇನ್ನೊಮ್ಮೆ ಬರೆಯಿರಿ. ಯಾವ ಪದ ಜಾಗ ಬದಲಿಸಿತು? ಅಪ್ಪ ಅಮ್ಮನನ್ನೂ ಕೇಳಿ ನೋಡಿ.