ಸೀಟಿ ಊದಿದ ಮೇಲೇ ಪರೀಕ್ಷೆ: ಫ್ರೀ ಕಿಕ್‌ಗೆ ಏಳು ಸೂತ್ರಗಳು

ಫುಟ್‌ಬಾಲ್‌ಗೆ ಇರುವುದು 17 ನಿಯಮ. ಅದರಲ್ಲಿ ಹೊಸ ರೆಫ್ರಿಯನ್ನು ಪೇಚಿಗೆ ಸಿಕ್ಕಿಸುವುದು ಎರಡು: ಫೌಲ್ ಯಾವುದೆಂದು ಹೇಳುವ 12, ಫ್ರೀ ಕಿಕ್ ಒದೆಯುವ ಕ್ರಮ ಹೇಳುವ 13. ಮನೆಯಲ್ಲಿ ಓದಿದ್ದು ಮೈದಾನದ ಗದ್ದಲದಲ್ಲೂ ನೆನಪಿಗೆ ಬರಬೇಕೇ? ಹೀಗೆ ಮಾಡಿ.

1. 'ಮೈಗೆ ತಾಗಿತೇ?' ಎಂದು ಕೇಳಿಕೊಳ್ಳಿ. ಫೌಲ್‌ನಲ್ಲಿ ಎದುರಾಳಿಯ ಮೈಗೆ ತಾಗಿದ್ದರೆ ಡೈರೆಕ್ಟ್, ಅಂದರೆ ನೇರವಾಗಿ ಗೋಲು ಹೊಡೆಯಬಹುದಾದ ಫ್ರೀ ಕಿಕ್. ತಾಗದ ಅಪಾಯದ ಆಟ, ತಾಗದೆ ಅಡ್ಡಗಟ್ಟುವುದು, ಬಾಯಿಮಾತಿನ ತಪ್ಪು, ಆಫ್‌ಸೈಡ್ ಎಲ್ಲ ಇನ್‌ಡೈರೆಕ್ಟ್, ಅಂದರೆ ಗೋಲಿಗೆ ಮೊದಲು ಚೆಂಡು ಇನ್ನೊಬ್ಬನಿಗೆ ತಾಗಲೇಬೇಕು.

2. ಅಪವಾದಗಳನ್ನು ಬೆರಳಲ್ಲಿ ಎಣಿಸಿ. ಹ್ಯಾಂಡ್‌ಬಾಲ್, ಉಗುಳುವುದು, ಎದುರಾಳಿಯ ಮೇಲೆ ವಸ್ತು ಎಸೆಯುವುದು, ಒದೆಯಲು, ಹೊಡೆಯಲು ಅಥವಾ ಕಾಲು ಕೊಟ್ಟು ಬೀಳಿಸಲು ಯತ್ನಿಸುವುದು: ಇವು ತಾಗದಿದ್ದರೂ ಡೈರೆಕ್ಟ್.

3. ಕಾರ್ಡನ್ನು ಬೇರೆಯಾಗಿ ಯೋಚಿಸಿ. ಬರೀ ಅಜಾಗರೂಕತೆಗೆ ಕಾರ್ಡಿಲ್ಲ. ಎದುರಾಳಿಗೆ ಏನಾದೀತೆಂದು ಲೆಕ್ಕಿಸದೆ ನುಗ್ಗಿದರೆ ಹಳದಿ, ಮಿತಿಮೀರಿ ಬಲ ಹಾಕಿದರೆ ಕೆಂಪು.

4. ಇನ್‌ಡೈರೆಕ್ಟ್ ಎಂದರೆ ಕೈ ಮೇಲೆ. ಚೆಂಡು ಇನ್ನೊಬ್ಬನಿಗೆ ತಾಗುವವರೆಗೆ ಅಥವಾ ಆಟದಿಂದ ಹೊರಹೋಗುವವರೆಗೆ ಇಳಿಸಬೇಡಿ. ಕೈ ಎತ್ತಿದ್ದು, ಚೆಂಡು ಯಾರಿಗೂ ತಾಗದೆ ಎದುರಾಳಿಯ ಗೋಲಿಗೆ ಹೊಕ್ಕರೆ ಗೋಲ್ ಕಿಕ್. ಎತ್ತುವುದನ್ನೇ ಮರೆತಿದ್ದರೆ ಮತ್ತೆ ಒದೆಸಬೇಕು. ಆ ಮರೆವು ನಿಮ್ಮದು, ಆಟಗಾರನದಲ್ಲ.

5. ಗೋಲಿನ ಬಾಯಲ್ಲಿ ಜಾಗ ನೋಡಿ. ಸಹ ಆಟಗಾರ ಬೇಕೆಂದೇ ಕಾಲಲ್ಲಿ ಒದ್ದುಕೊಟ್ಟ ಚೆಂಡನ್ನು ಕೀಪರ್ ಗೋಲಿನಿಂದ ಎರಡು ಮೀಟರ್ ದೂರದಲ್ಲಿ ಕೈಯಲ್ಲಿ ಹಿಡಿದನೆನ್ನಿ. ಇನ್‌ಡೈರೆಕ್ಟ್ ಕಿಕ್ ಅಲ್ಲಿಂದಲ್ಲ. ಗೋಲ್ ಏರಿಯಾದ ಮುಂದಿನ ಗೆರೆಯಿಂದ, ಅಂದರೆ 5.5 ಮೀಟರ್‌ನಿಂದ. ಆಗ ಕೀಪರ್‌ನ ತಂಡದವರು ಕಂಬಗಳ ನಡುವೆ ಗೋಲ್ ಗೆರೆಯ ಮೇಲೆ ಸಾಲಾಗಿ ನಿಲ್ಲಬಹುದು.

6. ಗೋಡೆಯ ಲೆಕ್ಕ ಕಾಲಿಗೆ ಕಲಿಸಿ. ಎದುರಾಳಿಗಳು 9.15 ಮೀಟರ್ ದೂರವಿರಬೇಕು. ಅದು ನಿಮ್ಮ ಎಷ್ಟು ಹೆಜ್ಜೆ ಎಂದು ಖಾಲಿ ಮೈದಾನದಲ್ಲಿ ಟೇಪು ಹಿಡಿದು ಅಳೆದಿಟ್ಟುಕೊಳ್ಳಿ. ಗೋಡೆಯಲ್ಲಿ ಮೂವರು ಅಥವಾ ಹೆಚ್ಚು ಜನರಿದ್ದರೆ ಒದೆಯುವ ತಂಡದವರು ಅದರಿಂದ ಒಂದು ಮೀಟರ್ ಆಚೆ.

7. 'ಕಾಯಿರಿ' ಎಂದರೆ ಎಲ್ಲರಿಗೂ ಗೊತ್ತಾಗಲಿ. 2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ ಕ್ರೀಡಾಂಗಣ. ಐಎಸ್‌ಎಲ್ ಪ್ಲೇಆಫ್‌ನ ಹೆಚ್ಚುವರಿ ಅವಧಿಯಲ್ಲಿ, ಕೇರಳ ಬ್ಲಾಸ್ಟರ್ಸ್ ಸಜ್ಜಾಗುವ ಮೊದಲೇ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಒದ್ದ ಫ್ರೀ ಕಿಕ್ ಬಲೆ ಸೇರಿತು. ರೆಫ್ರಿ ಗೋಲು ಕೊಟ್ಟರು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರನಡೆಯಿತು. ಬೇಗ ಒದೆಯಲು ನಿಯಮದ ಅಡ್ಡಿಯಿಲ್ಲ. ಕಾಯಿಸುವುದಾದರೆ ಸೀಟಿ ಎತ್ತಿ ತೋರಿಸಿ, ಬಾಯಿಬಿಟ್ಟು ಹೇಳಿ, ಸೀಟಿ ಊದಿದ ಮೇಲೆಯೇ ಒದೆಸಿ.

ಕೊನೆಯ ಮಾತು: ಹಳೆಯ ನೆನಪನ್ನು ನಂಬಬೇಡಿ. ಕೀಪರ್ ಚೆಂಡನ್ನು ಬಿಡದೆ ಹಿಡಿದುಕೊಂಡರೆ ಮೊದಲು ಆರು ಸೆಕೆಂಡಿಗೆ ಇನ್‌ಡೈರೆಕ್ಟ್ ಫ್ರೀ ಕಿಕ್ ಇತ್ತು. 2025–26ರಿಂದ ಎಂಟು ಸೆಕೆಂಡು ಮೀರಿದರೆ ಎದುರಾಳಿಗೆ ಕಾರ್ನರ್ ಕಿಕ್. ಹೊಸ ಋತುವಿನ ಮೊದಲ ಪಂದ್ಯಕ್ಕೆ ಹೊರಡುವ ಮುನ್ನ ಹೊಸ ಪುಸ್ತಕ ಓದಿ.