ಹಳೆಯ ಕಚೇರಿಯ ಜೀರ್ಣೋದ್ಧಾರ

ಶೇಡಬಾಳ, ಉಗಾರ, ಕಾಗವಾಡಗಳ ಈ ಸೀಮೆಯಲ್ಲಿ, ಕಲ್ಲುಗಾರೆಗಳಿಂದ ದಪ್ಪ ಗೋಡೆಯೆಬ್ಬಿಸಿ ಕಟ್ಟಿದ ಸಹಕಾರಿ ಸಂಘದ ಹಳೆಯ ಕಚೇರಿಯೊಂದು ನಿಮ್ಮ ಅಧೀನದಲ್ಲಿದ್ದು, ಅದನ್ನು ಕೆಡವಿ ಗಾಜಿನ ಮುಂಭಾಗದ ನೂತನ ಭವನವನ್ನು ನಿರ್ಮಿಸಬೇಕೆಂಬ ಅಭಿಲಾಷೆ ಆಡಳಿತ ಮಂಡಳಿಯಲ್ಲಿ ಅಂಕುರಿಸಿದ್ದರೆ, ಠರಾವಿಗೆ ರುಜು ಬೀಳುವ ಮುನ್ನ ಈ ಕಿವಿಮಾತನ್ನು ಲಾಲಿಸಬೇಕೆಂದು ನನ್ನ ವಿಜ್ಞಾಪನೆ. 1905ರಲ್ಲಿ ಕಣಗಿನಹಾಳದಲ್ಲಿ ಕೃಷಿ ಸಹಕಾರಿ ಸಂಘವನ್ನು ಕಟ್ಟಿದ ನಾಡಿನವರು ನಾವು. ಇಂಥ ಕಟ್ಟಡಗಳು ನಮ್ಮ ಹಿರಿಯರ ವಿಶ್ವಾಸದ ಸಾಕ್ಷಿಗಳು.

ವೈಶಾಖದ ಬಿಸಿಲನ್ನು ಗಾಜು ಒಳಗೆ ಕರೆದರೆ, ದಪ್ಪ ಗೋಡೆ ಬಹಳ ಹೊತ್ತು ಹೊರಗೇ ತಡೆಯುತ್ತದೆ. ತಾಪವು ವಿಶೇಷವಾಗಿ ಇಳಿಯುವುದು ಮಾಳಿಗೆಯಿಂದಲಾದ್ದರಿಂದ ಮೊದಲ ಹಣವು ಅಲ್ಲಿಗೇ ಸಲ್ಲತಕ್ಕದ್ದು: ಸೋರಿಕೆಯನ್ನು ನಿಲ್ಲಿಸಿ, ಬಿಸಿಲನ್ನು ಹಿಂದಿರುಗಿಸುವ ಬಿಳಿಯ ಲೇಪವನ್ನು ಕೊಡಿರಿ. ಗಾರೆಯ ಗೋಡೆಗೆ ಸಿಮೆಂಟಿನ ಗಿಲಾವು ಮಾತ್ರ ಬೇಡ. ಒಳಗಿನ ತೇವವು ಹೊರಹೋಗಲಾರದೆ ಗೋಡೆಯನ್ನೇ ಶಿಥಿಲಗೊಳಿಸುವುದು. ಸುಣ್ಣದ ಗಿಲಾವೇ ಅದಕ್ಕೆ ಯೋಗ್ಯ, ನೋಟಕ್ಕೂ ಅದೇ ಸೊಗಸು.

ಜೀರ್ಣವಾದ ವೈರಿಂಗನ್ನು ಸಂಪೂರ್ಣ ಬದಲಿಸಿರಿ. ಹಳೆಯ ಫ್ಯಾನು ಸುಮಾರು 75 ವ್ಯಾಟ್ ಬೇಡಿದರೆ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. 40 ವ್ಯಾಟಿನ ಟ್ಯೂಬಿನ ಸ್ಥಾನಕ್ಕೆ 20ರ ಎಲ್‌ಇಡಿ ಸಾಕು. ಸೌರಫಲಕಗಳ ವಿಚಾರ ಇವೆಲ್ಲದರ ತರುವಾಯ, ಏಕೆಂದರೆ ಬಳಕೆ ಇಳಿದಮೇಲೆ ಚಿಕ್ಕ ಘಟಕವೇ ಸಾಲುವುದು.

ನುರಿತ ಎಂಜಿನಿಯರರಿಂದ ಅಡಿಪಾಯವನ್ನು ಪರೀಕ್ಷೆ ಮಾಡಿಸಿ, ಹೊಸ ಕಟ್ಟಡದ ಅಂದಾಜುಪಟ್ಟಿಯೊಡನೆ ದುರಸ್ತಿಯ ಅಂದಾಜುಪಟ್ಟಿಯನ್ನೂ ತರಿಸಿ, ಎರಡನ್ನೂ ವಾರ್ಷಿಕ ಸಭೆಯಲ್ಲಿ ಸದಸ್ಯರ ಮುಂದಿಡಿರಿ.